ರಿಪೋರ್ಟ್ ಬಂತು, ನಿಮಗೆಲ್ಲ ಹೇಳಬೇಕು

ಹೆಪಟೈಟಿಸ್ ಸಿ ಮಾತ್ರೆ ಮುಗಿದು 12 ವಾರ ಆದಮೇಲೆ ಮಾಡಿಸಿದ ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ) ರಿಪೋರ್ಟ್ ಬಂದಿದೆ. ಲಿವರ್ ಕೆಡಿಸುವ ಆ ವೈರಸ್ ಕಂಡಿಲ್ಲ. "ವಾಸಿಯಾಯಿತಮ್ಮ" ಅಂದರು ಡಾಕ್ಟರ್. ಎಚ್‌ಐವಿ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು ಅಂತ ಒಪ್ಪಿಕೊಂಡು ಬದುಕಿದವಳು ನಾನು. ಒಂದು ಕಾಯಿಲೆ ಮೈ ಬಿಟ್ಟು ಹೋಗಬಹುದು ಅನ್ನುವುದೇ ನನಗೆ ಹೊಸದು.

ಏನಾಯಿತು, ಹೇಗಾಯಿತು ಅಂತ ಎಚ್‌ಐವಿ ಇರುವ ನಮ್ಮ ಸಂಘದವರಿಗೆಲ್ಲ ಗೊತ್ತು. ಮತ್ತೆ ಬರೆಯುವುದಿಲ್ಲ. ಯಾರು ಕೈ ಹಿಡಿದರು ಅಂತ ಮಾತ್ರ ಹೇಳುತ್ತೇನೆ.

ಮೊದಲು ನಮ್ಮ ಅತ್ತೆ.

ಲಿವರ್ ಕೆಟ್ಟು ರಕ್ತ ವಾಂತಿಯಾದ ಆ ರಾತ್ರಿ ಹತ್ತಿರದ ನರ್ಸಿಂಗ್ ಹೋಮ್‌ನವರು ನನ್ನ ಫೈಲ್ ನೋಡಿದ ಮೇಲೆ ಬೆಡ್ ಇಲ್ಲ ಅಂದರು. ಎಚ್‌ಐವಿ ಇದೆ ಅಂತ ಚಿಕಿತ್ಸೆ ನಿರಾಕರಿಸಬಾರದು ಅಂತ 2017ರಲ್ಲೇ ಕಾನೂನಾಗಿದೆ. ಅತ್ತೆಗೆ ಕಾನೂನು ಗೊತ್ತಿಲ್ಲ. ಜಗಳಕ್ಕೆ ನಿಲ್ಲಲಿಲ್ಲ. ನನ್ನ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ಅದೇ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು.

ಬೆಳಿಗ್ಗೆ ಎಂಡೋಸ್ಕೋಪಿ ಮಾಡಿ, ರಕ್ತ ಸುರಿಯುತ್ತಿದ್ದ ನಾಳಕ್ಕೆ ಬ್ಯಾಂಡ್ ಹಾಕುವ ತನಕ ಅವರು ನನ್ನ ಪಕ್ಕ ಬಿಟ್ಟು ಏಳಲಿಲ್ಲ. ರಕ್ತ ಒರೆಸೋಕೆ ನರ್ಸ್ ಗ್ಲೌಸ್ ಕೊಟ್ಟಿದ್ದರು. ಒರೆಸುವಾಗ ಹಾಕಿಕೊಳ್ಳುತ್ತಿದ್ದರು. ನನ್ನ ಹಣೆ ಮುಟ್ಟುವಾಗ ಬಿಚ್ಚುತ್ತಿದ್ದರು.

"ಮಾತಾಡ್ತಾ ಇರು ಮಗಾ" ಅನ್ನುತ್ತಿದ್ದರು. ನನಗೆ ಆಗುತ್ತಿರಲಿಲ್ಲ, ಅವರೇ ಮಾತಾಡಿದರು. ರಾಗಿ ಹೊಲದ ಬಗ್ಗೆ, ನನ್ನ ಮದುವೆಯಲ್ಲಿ ಮಳೆ ಬಂದದ್ದರ ಬಗ್ಗೆ, ಆಮೇಲೆ ನಮ್ಮ ಯಜಮಾನರ ಬಗ್ಗೆ. ಅವರು ಎಚ್‌ಐವಿಯಿಂದ ತೀರಿಹೋಗಿದ್ದು 2003ರಲ್ಲಿ. ಸರ್ಕಾರ ಎಆರ್‌ಟಿ ಅನ್ನುವ ಎಚ್‌ಐವಿ ಮಾತ್ರೆ ಉಚಿತವಾಗಿ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಆ ಕೆಲವೇ ತಿಂಗಳು ಅತ್ತೆಯ ಎದೆಯಲ್ಲಿ ಇನ್ನೂ ಹಾಗೇ ಇವೆ. ಅವರನ್ನು ಕೊನೆ ತನಕ ನೋಡಿಕೊಂಡಿದ್ದೂ ಅತ್ತೆಯೇ. ಆಗ ನೆಂಟರು ಬಾಗಿಲಲ್ಲೇ ನಿಂತು ಹೋಗುತ್ತಿದ್ದರು.

"ಅವನಿಗೆ ಕೊಡೋಕೆ ಔಷಧಿ ಇರಲಿಲ್ಲ. ನಿನಗೆ ಇದೆಯಂತೆ. ಸುಮ್ನೆ ಯಾಕೆ ಹೋಗ್ತೀಯ?" ಅಂದರು.

ಬರೆಯುವಾಗ ಕೈ ನಡುಗುತ್ತಿದೆ. ಆ ರಾತ್ರಿ ನನಗೆ ಸಾಕಾಗಿತ್ತು. ಬದುಕಬೇಕು ಅಂತಲೇ ಇರಲಿಲ್ಲ. ಮಗಳ ನೆನಪೂ ಬರಲಿಲ್ಲ. ಕಿವಿಗೆ ಬೀಳುತ್ತಿದ್ದದ್ದು ಅತ್ತೆಯ ದನಿ ಮಾತ್ರ. ಅದಕ್ಕೆ ಉತ್ತರ ಕೊಡಬೇಕು ಅಂತ ಜೀವ ಹಿಡಿದುಕೊಂಡೆ.

ಆಮೇಲಿನದ್ದಕ್ಕೆ ಎಆರ್‌ಟಿ ಸೆಂಟರ್ ಮತ್ತು ಲಿವರ್ ವಿಭಾಗದ ಡಾಕ್ಟರುಗಳಿಗೆ ಕೈ ಮುಗಿಯುತ್ತೇನೆ. ನಾನು ನುಂಗುತ್ತಿದ್ದ ಎಚ್‌ಐವಿ ಮಾತ್ರೆ ಎಫಾವಿರೆಂಜ್ ಜೊತೆ ಹೆಪಟೈಟಿಸ್ ಸಿ ಮಾತ್ರೆ ವೆಲ್ಪಟಾಸ್ವಿರ್ ಕೊಟ್ಟರೆ, ವೆಲ್ಪಟಾಸ್ವಿರ್ ಪ್ರಮಾಣ ರಕ್ತದಲ್ಲಿ ಇಳಿದುಬಿಡುತ್ತದಂತೆ. ಅದಕ್ಕೇ ಮೊದಲು ನನ್ನ ಎಚ್‌ಐವಿ ಮಾತ್ರೆಯನ್ನು ಡೊಲುಟೆಗ್ರಾವಿರ್‌ಗೆ ಬದಲಾಯಿಸಿದರು, ಆಮೇಲೆ ಹೆಪಟೈಟಿಸ್ ಮಾತ್ರೆ ಶುರು ಮಾಡಿದರು. ಅದರ ಜೊತೆ ಕೊಟ್ಟ ರಿಬಾವಿರಿನ್ ಮಾತ್ರೆಯಿಂದ ಹಿಮೋಗ್ಲೋಬಿನ್ ಇಳಿದಾಗಲೂ ಬಿಡದೆ ನೋಡಿಕೊಂಡರು. ಮಾತ್ರೆಗೆ ಒಂದು ರೂಪಾಯಿ ಕೊಡಲಿಲ್ಲ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಎಲ್ಲ ಸಿಕ್ಕಿತು. ಹಿಂದೆ ನಮ್ಮಂಥವರು 48 ವಾರ ಇಂಟರ್‌ಫೆರಾನ್ ಇಂಜೆಕ್ಷನ್ ಚುಚ್ಚಿಸಿಕೊಂಡು, ಜ್ವರದಲ್ಲಿ ನರಳಿದರೂ ಎಷ್ಟೋ ಜನಕ್ಕೆ ವಾಸಿಯೇ ಆಗುತ್ತಿರಲಿಲ್ಲ. ಅವರನ್ನೂ ಇವತ್ತು ನೆನೆಯುತ್ತೇನೆ.

ರಕ್ತ ಕೊಟ್ಟ ಆ ಹುಡುಗರಿಗೆ, ಹೊಲಿಗೆ ಕೆಲಸ ಕಾಯ್ದಿಟ್ಟ ಅಂಗಡಿಯಮ್ಮನಿಗೆ, ಕೌನ್ಸೆಲರ್ ಮೇಡಂಗೆ, ಮಗಳಿಗೆ ಊಟ ಕಳಿಸಿದ ಪಕ್ಕದ ಮನೆಯವರಿಗೆ, ಸಂಘದ ಅಕ್ಕಂದಿರಿಗೆಲ್ಲ ನಾನು ಋಣಿ.

ಲಿವರ್‌ನ ಗಾಯದ ಕಲೆ ಹಾಗೇ ಇದೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು, ಮಾಡಿಸುತ್ತೇನೆ. ಮತ್ತೆ ಸೋಂಕು ತಗುಲಬಹುದು ಅನ್ನುವುದೂ ಗೊತ್ತು, ಎಚ್ಚರವಾಗಿದ್ದೇನೆ.

ಎಚ್‌ಐವಿ ಇದ್ದವರಲ್ಲಿ ಈ ವೈರಸ್ ಲಿವರ್ ಅನ್ನು ಬೇಗ ಕೆಡಿಸುತ್ತದೆ, ಬಹಳ ದಿನ ಹೊರಗೆ ಏನೂ ಕಾಣುವುದಿಲ್ಲ. ಮುಂದಿನ ಸಲ ಮಾತ್ರೆ ತರಲು ಹೋದಾಗ ನಿಮಗೆ ಹೆಪಟೈಟಿಸ್ ಸಿ ಪರೀಕ್ಷೆ ಆಗಿದೆಯಾ ಅಂತ ಕೇಳಿ. ಪಾಸಿಟಿವ್ ಬಂದು ಒಬ್ಬರೇ ಹೋಗಲು ಭಯ ಆದರೆ ನನಗೆ ಹೇಳಿ, ಜೊತೆಗೆ ಬರುತ್ತೇನೆ. ಈ ಮಂಗಳವಾರ ಮಾತ್ರ ಆಗುವುದಿಲ್ಲ. ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಇದೆ.