ಅಡಿಪಾಯದ ಬಿರುಕಿಗೆ ಕಾರಣ ಹುಡುಕದೆ ಮಾಡಿದ ದುರಸ್ತಿ ಮತ್ತು ವಾರಂಟಿ ನಿರಾಕರಣೆ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ದೂರು ವಿಭಾಗ,
ಅಡಿಪಾಯ ದುರಸ್ತಿ ಸೇವಾ ಸಂಸ್ಥೆ

ಇವರಿಂದ,
ದುರಸ್ತಿಯಾದ ಮನೆಯ ಮಾಲೀಕರು

ವಿಷಯ: ನೆಲಮಾಳಿಗೆ ಗೋಡೆಯ ಎಪಾಕ್ಸಿ ಇಂಜೆಕ್ಷನ್ ವಿಫಲವಾಗಿರುವುದು, ಅಡ್ಡಬಿರುಕಿಗೆ ತಪ್ಪು ವಿಧಾನ ಬಳಸಿರುವುದು, ಅಗತ್ಯವಿಲ್ಲದ ಕೆಲಸಕ್ಕೆ ಬಿಲ್ ಹಾಕಿರುವುದು.

ಮಾನ್ಯರೇ,

ನೆಲಮಾಳಿಗೆಯ ಈಶಾನ್ಯ ಮೂಲೆಯ ಗೋಡೆಯಲ್ಲಿ ನಿಮ್ಮ ತಂಡ ಎಪಾಕ್ಸಿ (ಎರಡು ಭಾಗ ಕಲಸಿದಾಗ ಗಟ್ಟಿಯಾಗುವ ಅಂಟು ರಾಳ) ತುಂಬಿದ ಓರೆಬಿರುಕು ಮತ್ತೆ ಬಾಯಿ ಬಿಟ್ಟಿದೆ. ವಾರಂಟಿಯಡಿ ಸರಿಪಡಿಸಿಕೊಡಿ ಎಂದು ಕೇಳಿದ್ದಕ್ಕೆ ನಿಮ್ಮ ಸೇವಾ ವಿಭಾಗ ಒಪ್ಪಿಲ್ಲ. ತುಂಬಿದ ಬಿರುಕು ಭದ್ರವಾಗಿಯೇ ಇದೆ, ಈಗ ಕಾಣುತ್ತಿರುವುದು ಪಕ್ಕದಲ್ಲಿ ಬಿಟ್ಟ ಹೊಸ ಬಿರುಕು, ಅದಕ್ಕೂ ನಮಗೂ ಸಂಬಂಧವಿಲ್ಲ ಎಂಬುದು ಬಂದ ಉತ್ತರದ ಸಾರ. ಈ ವಾದವನ್ನು ನಾವು ಒಪ್ಪುವುದಿಲ್ಲ. ಒಪ್ಪದಿರಲು ಕಾರಣಗಳನ್ನು ಅಳತೆಗಳ ಸಮೇತ ಕೆಳಗೆ ಬರೆದಿದ್ದೇವೆ. ಈ ಪತ್ರವನ್ನು ಮಾರಾಟ ಪ್ರತಿನಿಧಿಗೆ ಕಳಿಸದೆ ನಿಮ್ಮ ಸ್ಟ್ರಕ್ಚರಲ್ ಎಂಜಿನಿಯರ್ ಕೈಗೆ ಕೊಡಿ ಎಂದು ಮೊದಲೇ ಕೇಳಿಕೊಳ್ಳುತ್ತೇವೆ.

ಸಾಮಾನ್ಯ ಕಾಂಕ್ರೀಟು ಎಳೆತವನ್ನು ತಡೆಯುವುದು 2ರಿಂದ 4 ಮೆಗಾಪಾಸ್ಕಲ್‌ವರೆಗೆ ಮಾತ್ರ. ಗಟ್ಟಿಯಾದ ಎಪಾಕ್ಸಿಯ ಬಲ ಅದರ ಹಲವು ಪಟ್ಟು. ಆದ್ದರಿಂದ ಅಲುಗಾಡುತ್ತಿರುವ ಗೋಡೆಯ ಬಿರುಕನ್ನು ಎಪಾಕ್ಸಿಯಿಂದ ಬೆಸೆದರೆ ಬೆಸುಗೆ ಬಿಡುವುದಿಲ್ಲ, ಪಕ್ಕದ ಕಾಂಕ್ರೀಟೇ ಹರಿಯುತ್ತದೆ. ಇಲ್ಲಿ ಆಗಿರುವುದೂ ಅದೇ. ಗೋಡೆಯ ಕೆಳಭಾಗದಲ್ಲಿ ಈಗಿನ ಬಿರುಕು, ರಾಳ ಸೋರದಂತೆ ಹಳೆಯ ಬಿರುಕಿನ ಮೇಲೆ ನೀವು ಬಳಿದ ಪುಟ್ಟಿ ಪಟ್ಟಿಗೆ ಸಮಾನಾಂತರವಾಗಿ, 3 ಸೆಂ.ಮೀ. ಅಂತರದಲ್ಲಿ ಸಾಗಿದೆ. ಅದೇ ಚಲನೆ, ಅದೇ ದಿಕ್ಕು, ಅದೇ ಓರೆ. ಇದನ್ನು ಹೊಸ ಬಿರುಕು ಎನ್ನುವುದಾದರೆ ಚಲನೆಯಿರುವ ಯಾವ ಗೋಡೆಗೂ ನಿಮ್ಮ ವಾರಂಟಿ ಎಂದೂ ಅನ್ವಯಿಸುವುದೇ ಇಲ್ಲ. ಇನ್ನು ಮೇಲಿನ ಸುಮಾರು 80 ಸೆಂ.ಮೀ. ಉದ್ದದಲ್ಲಿ ನಿಮ್ಮ ವಾದಕ್ಕೆ ಅಷ್ಟೂ ಆಧಾರವಿಲ್ಲ. ಅಲ್ಲಿ ಹಳೆಯ ಗೆರೆಯೇ ತೆರೆದುಕೊಂಡಿದೆ, ಪುಟ್ಟಿ ಪಟ್ಟಿ ನಡುವೆ ಸೀಳಿದೆ. ಫೋಟೋಗಳನ್ನು ಅಳತೆಪಟ್ಟಿ ಇಟ್ಟು ತೆಗೆದು ಲಗತ್ತಿಸಿದ್ದೇವೆ.

ಒಂದೇ ಗೋಡೆಯಲ್ಲಿ ಎರಡು ಥರ ಏಕಾಯಿತು ಎಂಬುದಕ್ಕೆ ಉತ್ತರ ನಿಮ್ಮ ಬಿಲ್ಲಿನಲ್ಲೇ ಇದೆ. ನಿಮ್ಮ ಪರಿಶೀಲನಾ ವರದಿಯ ಪ್ರಕಾರ ಬಿರುಕಿನ ಉದ್ದ 2.4 ಮೀ., ಗೋಡೆಯ ದಪ್ಪ 20 ಸೆಂ.ಮೀ., ಬಿರುಕಿನ ಅಗಲ ಬುಡದಲ್ಲಿ 0.5 ಮಿ.ಮೀ., ತಲೆಯಲ್ಲಿ 3.5 ಮಿ.ಮೀ. ಸರಾಸರಿ 2 ಮಿ.ಮೀ. ಎಂದಿಟ್ಟುಕೊಂಡು ಗುಣಿಸಿದರೆ ಬಿರುಕಿನೊಳಗಿನ ಖಾಲಿ ಜಾಗ 0.96 ಲೀಟರ್, ಅಂದರೆ ಹೆಚ್ಚುಕಡಿಮೆ ಒಂದು ಲೀಟರ್. ಬಿಲ್ಲಿನಲ್ಲಿ ನಮೂದಾಗಿರುವ ರಾಳ 450 ಮಿ.ಲೀ. ಮಣ್ಣಿನ ಬದಿಗೆ ಸೋರಿಹೋಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಅರ್ಧಕ್ಕಿಂತ ಕಡಿಮೆ ತುಂಬಿದೆ. ರಾಳವನ್ನು ಕೆಳಗಿನಿಂದ ಮೇಲಕ್ಕೆ ತುಂಬುತ್ತಾ ಬರುವುದರಿಂದ ಕೊರತೆ ಬಿದ್ದಿರುವುದು ಮೇಲುಗಡೆ, ಬಿರುಕು ಅತಿ ಅಗಲವಾಗಿರುವ ಕಡೆಗೇ. ಕೆಲಸ ಮುಗಿಸುವ ಮುನ್ನ ಈ ಗುಣಾಕಾರವನ್ನು ಯಾರಾದರೂ ಮಾಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಪೋರ್ಟ್‌ಗಳ, ಅಂದರೆ ರಾಳ ಒಳಗಿಳಿಸಲು ಬಿರುಕಿನುದ್ದಕ್ಕೂ ಕೂರಿಸುವ ಸಣ್ಣ ನಳಿಗೆಗಳ, ಅಂತರವೂ ಸರಿಯಿಲ್ಲ. ಎರಡು ಪೋರ್ಟ್‌ಗಳ ನಡುವಿನ ಅಂತರ ಸುಮಾರಾಗಿ ಗೋಡೆಯ ದಪ್ಪದಷ್ಟಿರಬೇಕು ಎಂಬುದು ಈ ಕೆಲಸದ ಮೊದಲ ಪಾಠ. ಆಗ ಮೇಲಿನ ಪೋರ್ಟಿನಲ್ಲಿ ರಾಳ ಕಾಣಿಸಿಕೊಳ್ಳುವಷ್ಟರಲ್ಲಿ ಅದು ಗೋಡೆಯ ಹಿಂಬದಿಯನ್ನೂ ಮುಟ್ಟಿರುತ್ತದೆ ಎಂಬ ಅಂದಾಜು ಸಿಗುತ್ತದೆ. 20 ಸೆಂ.ಮೀ. ಗೋಡೆಗೆ 50 ಸೆಂ.ಮೀ. ಅಂತರ ಕೊಟ್ಟಿದ್ದೀರಿ. ಹಾಗೆ ದೂರ ದೂರ ಇಟ್ಟಾಗ ಕೆಲಸಗಾರರು ಒತ್ತಡ ಏರಿಸುತ್ತಾರೆ, ಪುಟ್ಟಿ ಕಿತ್ತು ರಾಳ ಹೊರಗೆ ಹರಿಯುತ್ತದೆ. ಗೋಡೆಯ ಮೇಲೆ ಇಳಿದು ಒಣಗಿರುವ ಹಳದಿ ಗೆರೆಗಳು ಅದಕ್ಕೆ ಸಾಕ್ಷಿ. ಕಡಿಮೆ ಒತ್ತಡದಲ್ಲಿ ನಿಧಾನವಾಗಿ ತುಂಬಿ, ಮೇಲಿನ ಪೋರ್ಟಿನಿಂದ ರಾಳ ಇಣುಕಿದ ಮೇಲೆ ಕೆಳಗಿನದಕ್ಕೆ ಬಿರಡೆ ಹಾಕಿ ಮುಂದಕ್ಕೆ ಹೋಗಬೇಕು. ಅವಸರಕ್ಕೆ ಇನ್ನೊಂದು ಕಾರಣವೂ ಇದ್ದಿರಬಹುದು. ಎಪಾಕ್ಸಿಯ ಎರಡು ಭಾಗಗಳನ್ನು ದೊಡ್ಡ ಬಕೆಟ್ಟಿನಲ್ಲಿ ಒಟ್ಟಿಗೆ ಕಲಸಿದರೆ ಅದು ತಾನೇ ಬಿಸಿಯಾಗಿ, ಡಬ್ಬದ ಮೇಲೆ ಬರೆದ ಸಮಯಕ್ಕಿಂತ ಎಷ್ಟೋ ಮೊದಲೇ ಗಟ್ಟಿಯಾಗತೊಡಗುತ್ತದೆ. ಬೇಕಾದಷ್ಟನ್ನೇ ಸ್ವಲ್ಪ ಸ್ವಲ್ಪವಾಗಿ ಕಲಸಿಕೊಳ್ಳಬೇಕು.

ಕೆಲಸ ನಡೆದದ್ದು ಮಳೆಗಾಲದಲ್ಲಿ, ಬಿರುಕಿನ ಅಂಚಿನಲ್ಲಿ ತೇವವೂ ಬಿಳಿ ಸುಣ್ಣದ ಪದರವೂ ಕಾಣುತ್ತಿದ್ದಾಗ. ಬಿರುಕನ್ನು ಶುದ್ಧ ನೀರಿನಿಂದ ತೊಳೆದು, ಎಣ್ಣೆಯ ಅಂಶವಿಲ್ಲದ ಗಾಳಿ ಊದಿ ಒಣಗಿಸಿದ ದಾಖಲೆ ನಿಮ್ಮ ಕೆಲಸದ ಚೀಟಿಯಲ್ಲಿಲ್ಲ. ಬಳಸಿದ ಎಪಾಕ್ಸಿ ತೇವದಲ್ಲೂ ಹಿಡಿಯುವ ಬಗೆಯದೇ ಎಂಬ ವಿವರವೂ ಇಲ್ಲ. ಒದ್ದೆ ಮೈಗೆ ಸಾಮಾನ್ಯ ಎಪಾಕ್ಸಿ ಸರಿಯಾಗಿ ಅಂಟುವುದಿಲ್ಲ. ನೀರು ಜಿನುಗುವುದನ್ನು ನಿಲ್ಲಿಸುವುದಷ್ಟೇ ಉದ್ದೇಶವಾಗಿದ್ದರೆ ಪಾಲಿಯುರೆಥೇನ್ (ಪಿಯು) ಎಂಬ ನೊರೆಯಾಗುವ ರಾಳ ಇದೆ, ಆದರೆ ಅದು ಗೋಡೆಗೆ ಬಲ ಕೊಡುವುದಿಲ್ಲ. ಒಮ್ಮೆ ಅದರ ನೊರೆ ತುಂಬಿದ ಬಿರುಕಿಗೆ ಆಮೇಲೆ ಎಪಾಕ್ಸಿ ಇಳಿಸುವುದೂ ಆಗದ ಮಾತು. ನಿಮ್ಮ ಮೇಲ್ವಿಚಾರಕರು ಈಗ ಸೂಚಿಸಿರುವ ಮೇಲಿನಿಂದ ಪಿಯು ಹೊಡೆಯುವ ಪರಿಹಾರಕ್ಕೆ ನಮ್ಮ ಒಪ್ಪಿಗೆಯಿಲ್ಲದಿರುವುದು ಇದಕ್ಕೇ.

ಇಷ್ಟೆಲ್ಲ ಕುಶಲತೆಯ ಮಾತಾಯಿತು. ಇದಕ್ಕಿಂತ ದೊಡ್ಡ ಲೋಪ, ಬಿರುಕು ಏಕೆ ಬಿಟ್ಟಿತು ಎಂದು ಯಾರೂ ಕೇಳದಿರುವುದು. ಬುಡದಲ್ಲಿ ಕೂದಲೆಳೆಯಷ್ಟಿದ್ದು ಮೇಲೆ ಹೋದಂತೆ ಅಗಲವಾಗುವ ಬಿರುಕು, ಮೇಲಿನ ಇಟ್ಟಿಗೆ ಗೋಡೆಯಲ್ಲಿ ಗಾರೆ ಸಂದುಗಳನ್ನೇ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕಿಟಕಿಯ ತನಕ ಏರಿರುವುದು, ಅದೇ ಮೂಲೆಯ ಕೋಣೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು ಎಲ್ಲವೂ ಮೂಲೆ ಕೆಳಗಿಳಿಯುತ್ತಿರುವ ಕಡೆಗೆ ಬೊಟ್ಟು ಮಾಡುತ್ತವೆ. ನೀರುಮಟ್ಟದ ಪೈಪು ಹಿಡಿದು ನೋಡಿದರೆ ಆ ಮೂಲೆ ಎದುರು ಮೂಲೆಗಿಂತ 14 ಮಿ.ಮೀ. ತಗ್ಗಿದೆ. ಅಷ್ಟೂ ಕುಸಿತವೇ ಎಂದು ನಾವು ಹೇಳುವುದಿಲ್ಲ, ಕಟ್ಟುವಾಗಲೇ ಇದ್ದ ಏರುಪೇರೂ ಅದರಲ್ಲಿ ಸೇರಿರಬಹುದು. ಆದರೆ ಇಟ್ಟಿಗೆ ವರಸೆಗಳು ಬಿರುಕಿನ ತನಕ ಮಟ್ಟಸವಾಗಿ ಬಂದು, ಬಿರುಕು ದಾಟಿದ ಮೇಲೆ ಮೂಲೆಯತ್ತ ವಾಲುತ್ತವೆ. ಮೇಸ್ತ್ರಿ ವಾಲಿಸಿ ಕಟ್ಟಿದ್ದರೆ ವಾಲುವಿಕೆ ಬಿರುಕಿನಲ್ಲೇ ಶುರುವಾಗುತ್ತಿರಲಿಲ್ಲ.

ಚಾವಣಿಯ ಒಂದು ಬದಿಯ ಮಳೆನೀರೆಲ್ಲ ಬಂದು ಬೀಳುವ ಪೈಪು ಸರಿಯಾಗಿ ಆ ಮೂಲೆಯ ಬುಡದಲ್ಲೇ ಮುಗಿಯುತ್ತದೆ. ಮಣ್ಣು ಎರೆಮಣ್ಣಿನ ಜಾತಿಯದು. ನೀರು ಕುಡಿದಾಗ ಉಬ್ಬಿ ಒಣಗಿದಾಗ ಕುಗ್ಗುತ್ತದೆ. ಮನೆಯ ನಡುವಿನ ಮಣ್ಣಿನ ತೇವ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ, ಮೂಲೆಯದು ಮಾತ್ರ ಆ ತುದಿಯಿಂದ ಈ ತುದಿಗೆ ಹೋಗಿಬರುತ್ತದೆ. ಅಂದರೆ ಮಣ್ಣು ಉಬ್ಬಿ ಬಿರುಕು ಕಿರಿದಾಗಿದ್ದ ಕಾಲದಲ್ಲಿ ನೀವು ಗಡಸು ರಾಳ ತುಂಬಿದಿರಿ. ಬೇಸಿಗೆಯಲ್ಲಿ ಮಣ್ಣು ಕುಗ್ಗಿತು, ಗೋಡೆ ಪಕ್ಕದಲ್ಲಿ ಹರಿಯಿತು. ನಿಮ್ಮ ವರದಿಯಲ್ಲಿ ಆ ಪೈಪಿನ ಉಲ್ಲೇಖವೇ ಇಲ್ಲ, ನೀವೇ ತೆಗೆದ ಫೋಟೋದಲ್ಲಿ ಮಾತ್ರ ಅದು ಸ್ಪಷ್ಟವಾಗಿ ಕಾಣುತ್ತದೆ.

ಅಗಲ ನೋಡಿ ಗಾಬರಿಯಾಗಿ ಬರೆದ ಪತ್ರ ಇದಲ್ಲ. ಬ್ರಿಟನ್ನಿನ ಬಿಲ್ಡಿಂಗ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್‌ನ ಡೈಜೆಸ್ಟ್ 251ರ ವರ್ಗೀಕರಣದಲ್ಲಿ 5 ಮಿ.ಮೀ.ವರೆಗಿನ ಬಿರುಕು 2ನೇ ವರ್ಗದ್ದು, ಅಲ್ಪ ಹಾನಿ ಎಂದೇ ಲೆಕ್ಕ. 5ರಿಂದ 15 ಮಿ.ಮೀ.ವರೆಗಿನದು 3ನೇ ವರ್ಗ. ನಮ್ಮದು ಸದ್ಯ 2ನೇ ವರ್ಗದಲ್ಲಿದೆ. ಆದರೆ ಇಂದಿನ ಅಗಲಕ್ಕಿಂತ ಅದು ಬೆಳೆಯುತ್ತಿದೆಯೇ, ಋತುವಿಗೆ ತಕ್ಕಂತೆ ತೆರೆದು ಮುಚ್ಚುತ್ತಿದೆಯೇ, ಇಲ್ಲವೇ ನಿಂತೇ ಹೋಗಿದೆಯೇ ಎಂಬುದೇ ದುರಸ್ತಿಯನ್ನು ನಿರ್ಧರಿಸುತ್ತದೆ. ಅದನ್ನು ತಿಳಿಯಲು ದುಬಾರಿ ಉಪಕರಣ ಬೇಡ. ಬಿರುಕಿನ ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು ತಿರುಪು ತ್ರಿಕೋನದಂತೆ ಕೂರಿಸಿ, ತಿಂಗಳಿಗೊಮ್ಮೆ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದರೆ 0.1 ಮಿ.ಮೀ. ಬದಲಾವಣೆಯೂ ಗೊತ್ತಾಗುತ್ತದೆ, ಅಗಲವಾಗಿದೆಯೋ ಜಾರಿದೆಯೋ ಎಂಬುದೂ ತಿಳಿಯುತ್ತದೆ. ನಿಮ್ಮವರು ಅಂಟಿಸಿಹೋದ ಗಾಜಿನ ತುಂಡು ಒಡೆಯಿತೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ, ಎಷ್ಟು ಮತ್ತು ಯಾವ ಕಡೆಗೆ ಎಂಬುದನ್ನು ಹೇಳುವುದಿಲ್ಲ.

ಎರಡನೆಯ ದೂರು ಇದಕ್ಕಿಂತ ತುರ್ತಿನದು. ಉತ್ತರದ ಗೋಡೆಯ ನಡುಮಟ್ಟದಲ್ಲಿರುವ ಅಡ್ಡಬಿರುಕಿಗೂ ಅದೇ ರಾಳ ತುಂಬಿ, ಅದೇ ದರ ಹಾಕಿದ್ದೀರಿ. ಅಡ್ಡಬಿರುಕು ಮೂಲೆಯ ಕುಸಿತದಿಂದ ಬಂದದ್ದಲ್ಲ, ಹೊರಗಿನ ಮಣ್ಣು ಮತ್ತು ನೀರು ಗೋಡೆಯನ್ನು ಒಳಕ್ಕೆ ದೂಡುತ್ತಿರುವುದರಿಂದ ಬಂದದ್ದು. ಈ ತುದಿಯಿಂದ ಆ ತುದಿಗೆ ದಾರ ಬಿಗಿದರೆ ಗೋಡೆ ನಡುವಿನಲ್ಲಿ 12 ಮಿ.ಮೀ. ಒಳಗೆ ಉಬ್ಬಿದೆ. ಗೋಡೆಯ ಹಿಂದೆ 2 ಮೀ. ಎತ್ತರಕ್ಕೆ ನೀರು ನಿಂತರೆ, ಮಣ್ಣಿನ ಒತ್ತಡ ಬಿಟ್ಟು ನೀರೊಂದೇ ಪ್ರತಿ ಮೀಟರ್ ಉದ್ದದ ಗೋಡೆಯನ್ನು ಸುಮಾರು 2 ಟನ್ ಬಲದಿಂದ ದೂಡುತ್ತದೆ. ರಾಳ ತುಂಬಿದರೆ ಈ ಬಲ ಒಂದು ಕಿಲೋ ಕೂಡ ಇಳಿಯುವುದಿಲ್ಲ. ಮೊದಲು ನೀರಿಗೆ ದಾರಿ ಮಾಡಬೇಕು. ಹೊರಗೆ ಫುಟಿಂಗ್ (ಗೋಡೆಯ ಬುಡದ ಅಗಲವಾದ ತಳ) ಮಟ್ಟದಲ್ಲಿ ತೂತಿನ ಪೈಪು, ಸುತ್ತ ಜಲ್ಲಿ, ಮಣ್ಣು ಸೇರದಂತೆ ಫಿಲ್ಟರ್ ಬಟ್ಟೆ, ಕೊನೆಗೆ ನೀರು ಹೊರಹೋಗುವ ಜಾಗ. ಆಮೇಲೆ ಗೋಡೆಗೆ ಆಸರೆ. ಉಬ್ಬು ಇಷ್ಟು ಚಿಕ್ಕದಿರುವಾಗ ಕಾರ್ಬನ್ ಫೈಬರ್ ಪಟ್ಟಿ ಸಾಕಾಗಬಹುದು. ಅದು ಗೋಡೆಯನ್ನು ಹಿಂದಕ್ಕೆ ತರುವುದಿಲ್ಲ, ಇರುವಲ್ಲಿ ಹಿಡಿದಿಡುತ್ತದೆ. ಉಬ್ಬು ಹೆಚ್ಚಿದರೆ ಉಕ್ಕಿನ ಐ-ಬೀಮ್ ನಿಲ್ಲಿಸಬೇಕಾಗುತ್ತದೆ. ಯಾವುದು, ಎಷ್ಟು ಅಂತರದಲ್ಲಿ ಎಂಬುದನ್ನು ಎಂಜಿನಿಯರ್ ಲೆಕ್ಕ ಹಾಕಿ ಸಹಿ ಮಾಡಿಕೊಡಲಿ.

ನೆಲದ ಸ್ಲ್ಯಾಬಿನಲ್ಲಿದ್ದ 0.2 ಮಿ.ಮೀ. ಕೂದಲೆಳೆ ಬಿರುಕುಗಳು ಕಾಂಕ್ರೀಟು ಒಣಗುವಾಗ ಕುಗ್ಗಿ ಬಿಟ್ಟವು. ಎರಡೂ ಬದಿ ಒಂದೇ ಮಟ್ಟದಲ್ಲಿವೆ, ನೀರು ಬರುತ್ತಿಲ್ಲ, ತುಕ್ಕಿನ ಕಲೆಯಿಲ್ಲ. ಅವಕ್ಕೆ ಏನೂ ಮಾಡಬೇಕಿರಲಿಲ್ಲ. ಮೀಟರ್ ಲೆಕ್ಕದಲ್ಲಿ ಹಾಕಿದ ಆ ಮೊತ್ತವನ್ನು ಪೂರ್ತಿ ಹಿಂದಿರುಗಿಸಿ.

ಮೂಲೆಯ ಗೋಡೆಗೆ ನಾವು ಕೇಳುವುದು ಇನ್ನೊಂದು ಸುತ್ತಿನ ಇಂಜೆಕ್ಷನ್ ಅಲ್ಲ. ಮೊದಲು ಮಳೆನೀರಿನ ಪೈಪನ್ನು ಗೋಡೆಯಿಂದ ಕನಿಷ್ಠ 3 ಮೀ. ದೂರಕ್ಕೆ ಒಯ್ಯಬೇಕು, ಮೊದಲ 3 ಮೀಟರಿನಲ್ಲಿ ನೆಲ 15 ಸೆಂ.ಮೀ. ಇಳಿಜಾರಾಗುವಂತೆ ಮಣ್ಣು ತುಂಬಿ ದಮ್ಮಸ್ಸು ಮಾಡಬೇಕು. ಅಲ್ಲಿ ಹಾದುಹೋಗುವ ಒಳಚರಂಡಿ ಪೈಪು ಸೋರುತ್ತಿಲ್ಲವೆಂದು ಪರೀಕ್ಷಿಸಿ ತೋರಿಸಬೇಕು. ಪೈಪು ಸರಿಸುವ ಖರ್ಚು ನಮ್ಮದು, ಪರೀಕ್ಷೆಯ ಖರ್ಚು ನಿಮ್ಮದು. ಮೂಲೆಯ ಪಕ್ಕ ಒಂದು ಗುಂಡಿ ತೋಡಿ ಫುಟಿಂಗ್ ಎಷ್ಟು ಆಳದಲ್ಲಿದೆ, ಅದರಡಿ ಎಂಥ ಮಣ್ಣಿದೆ ಎಂಬುದನ್ನು ದಾಖಲಿಸಬೇಕು. ಆಮೇಲೆ ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಅಳತೆ ನಡೆಯಲಿ. ನೀರು ಸರಿಯಾದ ಮೇಲೆ ಚಲನೆ ನಿಂತರೆ ಅಷ್ಟಕ್ಕೇ ಮುಗಿಯಿತು. ಕಾಂಕ್ರೀಟ್ ಗೋಡೆಗೆ ಒಣ ಕಾಲದಲ್ಲಿ, 20 ಸೆಂ.ಮೀ.ಗೊಂದು ಪೋರ್ಟಿಟ್ಟು ಎಪಾಕ್ಸಿ ತುಂಬಿ, ಒಂದೆರಡು ಕಡೆ ಕೋರ್ (ಗೋಡೆ ಕೊರೆದು ತೆಗೆಯುವ ಉರುಳೆಯಾಕಾರದ ಮಾದರಿ) ತೆಗೆದು ರಾಳ ಹಿಂಬದಿ ಮುಟ್ಟಿದೆಯೆಂದು ತೋರಿಸಿ. ಇಟ್ಟಿಗೆ ಗೋಡೆಗೆ 6 ಮಿ.ಮೀ. ಸ್ಟೇನ್‌ಲೆಸ್ ಸುರುಳಿ ಕಂಬಿಗಳನ್ನು ನಾಲ್ಕರಿಂದ ಆರು ವರಸೆಗೊಂದರಂತೆ ಗಾರೆ ಸಂದಿನಲ್ಲಿ ಕೂರಿಸಿ, ಬಿರುಕಿನ ಎರಡೂ ಬದಿಗೆ ಕನಿಷ್ಠ 50 ಸೆಂ.ಮೀ. ಚಾಚಿರಲಿ.

ಚಲನೆ ನಿಲ್ಲದಿದ್ದರೆ ಅಂಡರ್‌ಪಿನ್ನಿಂಗ್, ಅಂದರೆ ಹಳೆ ಫುಟಿಂಗ್ ಅಡಿ ಇನ್ನೂ ಆಳಕ್ಕೆ ತೋಡಿ ಹೊಸ ಕಾಂಕ್ರೀಟ್ ತಳ ಕೊಡುವುದು, ಬಿಟ್ಟು ಬೇರೆ ದಾರಿ ಕಾಣುವುದಿಲ್ಲ. ಅದನ್ನು ಒಂದರಿಂದ 1.2 ಮೀ. ಉದ್ದದ ತುಂಡುಗಳಾಗಿ, ಅಕ್ಕಪಕ್ಕದವನ್ನು ಒಟ್ಟಿಗೆ ತೋಡದೆ ಮಾಡಬೇಕು. ಹೊಸ ಕಾಂಕ್ರೀಟು ಮತ್ತು ಹಳೆ ಫುಟಿಂಗ್ ನಡುವೆ ಬಿಟ್ಟ ಸುಮಾರು 75 ಮಿ.ಮೀ. ಸಂದಿಗೆ ಕನಿಷ್ಠ ಒಂದು ದಿನ ಬಿಟ್ಟು ಬಿಗಿ ಗಾರೆಯನ್ನು ಕುಟ್ಟಿ ಕುಟ್ಟಿ ತುಂಬಬೇಕು. ಆ ಸಂದಿ ಟೊಳ್ಳಾಗಿ ಉಳಿದರೆ ಮನೆ ಅಷ್ಟು ಇಳಿದ ಮೇಲೆಯೇ ಹೊಸ ತಳದ ಮೇಲೆ ಕೂರುವುದು. ಮೂಲೆಯೊಂದನ್ನೇ ಗಟ್ಟಿ ಮಾಡಿದರೆ ಉಳಿದ ಭಾಗ ಅದರ ಪಕ್ಕದಲ್ಲಿ ಅಲುಗಾಡಿ ಮತ್ತೊಂದು ಬಿರುಕು ಬೀಳುವ ಸಾಧ್ಯತೆಯಿದೆ. ಎಲ್ಲಿ ನಿಲ್ಲಿಸಬೇಕು, ಅಲ್ಲಿಗೆ ಆಳವನ್ನು ಹೇಗೆ ಹಂತ ಹಂತವಾಗಿ ಕಡಿಮೆ ಮಾಡಬೇಕು ಎಂಬುದು ವಿನ್ಯಾಸದ ನಕ್ಷೆಯಲ್ಲೇ ಬರಲಿ.

ವಾರಂಟಿ ಪತ್ರದಲ್ಲಿ “ತುಂಬಿದ ಬಿರುಕು” ಎಂಬಲ್ಲಿ “ತುಂಬಿದ ಬಿರುಕು ಮತ್ತು ಅದರ ಎರಡೂ ಬದಿಯ 30 ಸೆಂ.ಮೀ. ಒಳಗಿನ ಗೋಡೆ” ಎಂದು ತಿದ್ದಿ ಹೊಸ ಪ್ರತಿ ಕೊಡಿ. ಬಳಸಿದ ರಾಳದ ಹೆಸರು, ಬ್ಯಾಚ್ ಸಂಖ್ಯೆ, ಮಿಶ್ರಣದ ಅನುಪಾತ, ಪ್ರತಿ ಪೋರ್ಟಿಗೆ ಇಳಿದ ಪ್ರಮಾಣ ಇವುಗಳ ದಾಖಲೆಯನ್ನೂ ಕಳಿಸಿ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ಅಳತೆಗಳು, ಫೋಟೋಗಳು ಮತ್ತು ನಿಮ್ಮದೇ ಬಿಲ್ಲಿನೊಂದಿಗೆ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ಉತ್ತರದ ಗೋಡೆಯ ವಿಷಯಕ್ಕೆ ಅಷ್ಟು ದಿನ ಕಾಯುವಂತಿಲ್ಲ, ಎಂಜಿನಿಯರ್ ಈ ವಾರವೇ ಬಂದು ನೋಡಬೇಕು. ಬರುವವರು ಬಿರುಕಿನ ಅಕ್ಕಪಕ್ಕ ಕೂರಿಸಿರುವ ತಿರುಪುಗಳನ್ನು ಮುಟ್ಟದಿರಲಿ, ಅವುಗಳ ಮೇಲೆ ಪ್ಲಾಸ್ಟರ್ ಬಳಿಯದಿರಲಿ.

ಇಂತಿ,
ಮನೆಯ ಮಾಲೀಕರು