ವಿಡಿಯೊ ಕಳಿಸದ ಗೆಳೆಯನಿಗೆ

ಲೇ ದೋಸ್ತ,

ಮೊದಲು ತಪ್ಪಾಯಿತು ಅಂತ ಹೇಳಿಬಿಡುತ್ತೇನೆ. 2025ರ ಜೂನ್ 28ರ ರಾತ್ರಿ ನೀನು ಲಂಡನ್ ಸ್ಟೇಡಿಯಮ್ಮಿನಲ್ಲಿ ನಮ್ಮ ಪ್ರೀತಿಯ ಹೆವಿ ಮೆಟಲ್ ಬ್ಯಾಂಡು ಐರನ್ ಮೇಡನ್ ಕೇಳುತ್ತ ನಿಂತಿದ್ದೆ. ನಾನು ಇಲ್ಲಿ ಉಣಕಲ್ಲಿನ ಮನೆಯಲ್ಲಿ ರಾತ್ರಿ ಎರಡೂವರೆವರೆಗೂ ಮೊಬೈಲ್ ಹಿಡಿದು ಕಾದೆ. ಒಂದೇ ಒಂದು ವಿಡಿಯೊ ಬರಲಿಲ್ಲ. ಬೆಳಿಗ್ಗೆ ಎದ್ದವನೇ ನಿನಗೆ ಬಾಯಿಗೆ ಬಂದಂಗೆ ಬೈದು ಮೆಸೇಜ್ ಹಾಕಿದೆ. ಆಮೇಲೆ ಗೊತ್ತಾಯಿತು, ಈ ಟೂರ್‌ನಲ್ಲಿ ಮೊಬೈಲ್ ಕೆಳಗಿಡಿ, ಕಣ್ಣಾರೆ ನೋಡಿ ಎಂದು ಅವರ ಮ್ಯಾನೇಜರ್ ರಾಡ್ ಸ್ಮಾಲ್‌ವುಡ್ ಮೊದಲೇ ಕೇಳಿಕೊಂಡಿದ್ದರಂತೆ. ನೀನು ಅದನ್ನು ಪಾಲಿಸಿದೆ! ಕಾಲೇಜಿನಲ್ಲಿ ಯಾರ ಮಾತೂ ಕೇಳದವನು.

ನಾನು ಗೊಣಗುತ್ತಿದ್ದದ್ದು ನೋಡಿ ಇವಳು ಕೇಳಿದಳು, ‘ಅಲ್ರಿ, ಐವತ್ತು ವರ್ಷದ್ದ ಹಳೇ ಗುಂಪು ಅಂತೀರಿ. ಅವೇ ಹಾಡು. ಜನ ಇನ್ನೂ ಯಾಕ ಹೋಗ್ತಾರ?’ ಥಟ್ಟನೆ ಉತ್ತರ ಬರಲಿಲ್ಲ. ಆದರೆ ಇದೇ ಪ್ರಶ್ನೆಯನ್ನು ಅಪ್ಪ ನನಗೆ 2007ರಲ್ಲೇ ಕೇಳಿದ್ದರು.

ನೆನಪಿದೆಯಲ್ಲ, ಮಾರ್ಚ್ 17, ಶನಿವಾರ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್. ಹಿಂದಿನ ರಾತ್ರಿ ಹುಬ್ಬಳ್ಳಿಯಿಂದ ರಾಣಿ ಚೆನ್ನಮ್ಮ ರೈಲಿನ ಜನರಲ್ ಡಬ್ಬಿಯಲ್ಲಿ ನಿಂತುಕೊಂಡೇ ಹೋದೆವು. ಮೈದಾನದಲ್ಲಿ ಈಶಾನ್ಯದ ಹುಡುಗರು ನಮಗಿಂತ ಎಷ್ಟೋ ದೂರದಿಂದ ಬಂದಿದ್ದರು. ನಮ್ಮ ಪ್ರಯಾಣದ ಜಂಬ ಅಲ್ಲೇ ಇಳಿಯಿತು. ನೂಕಾಟದಲ್ಲಿ ನಿನ್ನ ಒಂದು ಬೂಟು ಹೋಯಿತು. ಮೆಜೆಸ್ಟಿಕ್‌ನಲ್ಲಿ ನೀನು ನೀಲಿ ಪಟ್ಟಿಯ ಬಾತ್‌ರೂಮ್ ಚಪ್ಪಲಿ ಕೊಂಡು ಹಾಕಿಕೊಂಡೆ. ಉಳಿದ ಒಂಟಿ ಬೂಟನ್ನು ಮಾತ್ರ ನಾನು ಬ್ಯಾಗಿನಲ್ಲಿಟ್ಟು ಊರಿಗೆ ತಂದೆ. ಯಾಕೆ ತಂದೆ ಅಂತ ಇವತ್ತಿಗೂ ನನಗೆ ತಿಳಿದಿಲ್ಲ.

ಮನೆಗೆ ಬಂದಾಗ ಗಂಟಲು ಪೂರಾ ಕೂತಿತ್ತು. ಅಪ್ಪ ಕೇಳಿದರು, ‘ಹಾಡಾಕ ಹೋಗಿದ್ದೆನ, ಕೇಳಾಕ ಹೋಗಿದ್ದೆನ?’ ಆಮೇಲೆ ಅಂದರು, ‘ಕ್ಯಾಸೆಟ್ಟಿನ್ಯಾಗ ಇದ್ದದ್ದನ್ನ ಕೇಳಾಕ ಅಷ್ಟು ದೂರ ಯಾಕ ಹೋಗಬೇಕು?’ ನಾನೂ ಬಿಡಲಿಲ್ಲ. ‘ನೀವು ಕುಂದಗೋಳಕ್ಕ ವರ್ಷಾ ಹೋಗಿ ಕೇಳೋದು ಅವೇ ರಾಗ ಅಲ್ಲೇನು?’ ಅಂದೆ. ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ನಾಡಿಗೇರ ವಾಡೆಯಲ್ಲಿ ರಾತ್ರಿಯಿಡೀ ಕೂರುವ ಜನ ಅವರು. ಗಂಗೂಬಾಯಿ ಹಾನಗಲ್ ತೊಂಬತ್ತು ದಾಟಿದ ಮೇಲೂ, 2006ರಲ್ಲಿ, ಹಾಡಿದ್ದನ್ನು ಎಷ್ಟು ಸಲ ಹೇಳುತ್ತಿದ್ದರೋ. ಅಪ್ಪ ನಕ್ಕರು. ‘ರಾಗ ಒಂದೇ, ಹಾಡೋದು ದಿನಾ ಬ್ಯಾರೆ. ನಿಮ್ಮವರು ಅಚ್ಚು ಒತ್ತಿದಂಗ ಬಾರಸ್ತಾರ.’

ಈ ಮಾತಿಗೆ ನನ್ನ ಹತ್ತಿರ ಜವಾಬು ಇರಲಿಲ್ಲ. ಖರೇನೂ ಹೌದು. ಬ್ಯಾಂಡಿನ ಸ್ಟೀವ್ ಹ್ಯಾರಿಸ್‌ನ ಬೇಸ್ ಗಿಟಾರು ಕುದುರೆ ಓಡಿದಂಗೆ ಓಡುವುದು ಪ್ರತಿ ರಾತ್ರಿ ಅದೇ ಲಯದಲ್ಲಿ. ಸ್ಟೇಜಿನ ಮೇಲೆ ಅವರ ದೆವ್ವದ ಬೊಂಬೆ ಎಡ್ಡಿ ಬರುವುದೂ ಲೆಕ್ಕದ ಪ್ರಕಾರವೇ.

ಆದರೆ ಅವರು ಹಳೇ ಹಾಡನ್ನೇ ಮಾರಿಕೊಂಡು ಕೂತವರೂ ಅಲ್ಲ. 2006ರಲ್ಲಿ ಹೊಸ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಪೂರ್ತಿ ನುಡಿಸಿದರು. ಹಳೆಯದು ಬೇಕು ಅಂತ ಜನ ಗೊಣಗಿದರು. ಮುಂದಿನ ಟೂರ್, 2008ರದ್ದು, ಎಂಬತ್ತರ ದಶಕದ ಹಾಡುಗಳದ್ದು. ಅದು ಶುರುವಾದದ್ದು ಮುಂಬೈಯಲ್ಲಿ, ಫೆಬ್ರುವರಿ 1ಕ್ಕೆ. ಅದಾದ ಮೇಲೆ ಮತ್ತೆ ಹೊಸ ಆಲ್ಬಮ್, ಮತ್ತೆ ಹಳೆಯದು. ನಮ್ಮ ಕಡೆ ಹೊಲಕ್ಕೆ ಒಂದು ವರ್ಷ ಜೋಳ, ಒಂದು ವರ್ಷ ಕಡಲೆ ಹಾಕಿದ ಹಾಗೆ. ನೆಲ ಸತ್ತುಹೋಗುವುದಿಲ್ಲ.

ರೇಡಿಯೊದವರು ಇವರನ್ನು ಹೆಚ್ಚು ಹಾಕಿದವರಲ್ಲ. ಊರೂರು ತಿರುಗಿಯೇ ಜನ ಕೂಡಿಸಿದರು. ಆ 2008ರ ಟೂರ್‌ಗೆ ಬೋಯಿಂಗ್ 757 ವಿಮಾನದ ಹಿಂದಿನ ಸೀಟು ಕಿತ್ತು, ಅಲ್ಲಿ ಸಾಮಾನು ತುಂಬಿ, ಹಾಡುಗಾರ ಬ್ರೂಸ್ ಡಿಕಿನ್ಸನ್ ತಾನೇ ಓಡಿಸಿಕೊಂಡು ಹೋದ. ಬ್ಯಾಂಡು, ಕೆಲಸದವರು, ಸಾಮಾನು ಎಲ್ಲ ಒಂದರಲ್ಲೇ. ದೂರದ ದೇಶಗಳಿಗೂ ಹೋಗಲು ಆದದ್ದು ಅದರಿಂದ. ಯೋಚಿಸು, ಸಂಜೆ ಹಾಡುವವನು, ಮರುದಿನ ಪೈಲಟ್. ನಮ್ಮ ಕಂಪನಿ ನಾಟಕದವರು ಲಾರಿಯಲ್ಲಿ ಪರದೆ ಹೇರಿಕೊಂಡು ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುತ್ತಿದ್ದರಲ್ಲ, ಅದೇ ಕಥೆ. ಇಲ್ಲಿ ಲಾರಿಗೆ ರೆಕ್ಕೆ ಇತ್ತು ಅಷ್ಟೇ.

2015ರಲ್ಲಿ ಡಿಕಿನ್ಸನ್‌ನ ನಾಲಿಗೆಯ ಹಿಂಭಾಗದಲ್ಲಿ ಕ್ಯಾನ್ಸರ್ ಎಂಬ ಸುದ್ದಿ ಬಂತು. ಇನ್ನು ಮುಗಿಯಿತು ಅಂದುಕೊಂಡಿದ್ದೆವು. ಮರು ವರ್ಷವೇ ಟೂರ್, ಅದೂ ಬೋಯಿಂಗ್ 747 ವಿಮಾನ ಓಡಿಸಿಕೊಂಡು. ಡ್ರಮ್ಸ್‌ನ ನಿಕೊ ಮೆಕ್‌ಬ್ರೈನ್‌ಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು ಹೊಡೆಯಿತು. ಎಪ್ಪತ್ತು ದಾಟಿದ ವಯಸ್ಸು. ಕೆಲವೇ ತಿಂಗಳಲ್ಲಿ ಮತ್ತೆ ಡ್ರಮ್ಸ್ ಮುಂದೆ ಕೂತರು. 2024ರ ಡಿಸೆಂಬರ್ 7ಕ್ಕೆ ಸಾವೊ ಪೌಲೊದಲ್ಲಿ ಕೊನೆಯ ಸಲ ಬಾರಿಸಿ ಟೂರ್‌ನಿಂದ ಎದ್ದರು. ಈಗ ಆ ಜಾಗದಲ್ಲಿ ಸೈಮನ್ ಡಾಸನ್. ಹೇಗೆ ಬಾರಿಸಿದರು ಅಂತ ನೀನು ಇನ್ನೂ ಹೇಳಿಲ್ಲ. ಸುಮ್ನೆ ‘ಸೂಪರ್’ ಅಂತ ಬರೆಯಬೇಡ.

ಈಗ ಅಪ್ಪನ ಮಾತಿಗೆ ಬರುತ್ತೇನೆ. ತಡವಾಯಿತು, ಅವರಿಲ್ಲ, ಆದರೂ. ಕುಂದಗೋಳದಲ್ಲಿ ಹೊಸದನ್ನು ತರುವವರು ಹಾಡುಗಾರರು. ಕೇಳುವವರು ‘ಆಹಾ’ ಅಂದರೆ ಸಾಕು. ಇಲ್ಲಿ ಹೊಸದನ್ನು ತರುವವರು ಕೇಳುವವರೇ. ಅರಮನೆ ಮೈದಾನದಲ್ಲಿ ಕತ್ತಲೆಗೆ ಹೆದರುವ ಆ ಹಾಡು, ‘ಫಿಯರ್ ಆಫ್ ದಿ ಡಾರ್ಕ್’, ಶುರುವಾದಾಗ ಮಾತಿಗಿಂತ ಮುಂಚೆ ಗಿಟಾರಿನ ಸುರವನ್ನೇ ಇಡೀ ಮೈದಾನ ‘ಓ ಓ’ ಅಂತ ಹಾಡಿತಲ್ಲ, ಅದು ಯಾವ ಕ್ಯಾಸೆಟ್ಟಿನಲ್ಲಿತ್ತು? ಅವರು ಅಚ್ಚು ಒತ್ತಿದಂಗೆ ಬಾರಿಸಿದರೇನೇ ನಾವು ಅದರ ಮೇಲೆ ಬಿದ್ದು ಹಾಡಲು ಆಗುವುದು. ಅವರು ತಾಳ ತಪ್ಪಿಸಿ ಆಲಾಪ ಮಾಡುತ್ತ ಕೂತರೆ ನಲವತ್ತು ಸಾವಿರ ಜನ ಹೇಗೆ ಜೊತೆಗೂಡಬೇಕು?

ಅದಕ್ಕೇ ಮೊಬೈಲ್ ಬೇಡ ಅಂದದ್ದು ಅಂತ ಈಗ ಅನಿಸುತ್ತದೆ. ಕೈ ಮೇಲೆತ್ತಿ ರೆಕಾರ್ಡ್ ಮಾಡುವವನು ಬಾಯಿ ಮುಚ್ಚಿಕೊಂಡಿರುತ್ತಾನೆ. ತನ್ನ ದನಿ ವಿಡಿಯೊದಲ್ಲಿ ಬರಬಾರದಲ್ಲ! ನೀನು ಕಳಿಸಿದ್ದರೂ ನಾನು ಮಲಗಿಕೊಂಡು ಒಂದು ಸಲ ನೋಡಿ ಬಿಟ್ಟುಬಿಡುತ್ತಿದ್ದೆ.

ನವೆಂಬರಿನಲ್ಲಿ ಬರುತ್ತೀನಿ ಅಂದಿದ್ದೀಯ. ಬರುವಾಗ ಎಡ್ಡಿಯ ಟೀ ಶರ್ಟ್ ತಾ. ಅವ್ವ ತಿರುವಿ ಹಾಕಿ ಒಣಗಿಸುತ್ತಿದ್ದಳಲ್ಲ, ದೆವ್ವದ ಮುಖ ಓಣಿಯವರಿಗೆ ಕಾಣಬಾರದು ಅಂತ, ಆ 2007ರದ್ದನ್ನು ಈಗ ನನ್ನ ಮಗ ಹಾಕಿಕೊಂಡು ಟ್ಯೂಷನ್‌ಗೆ ಹೋಗುತ್ತಾನೆ. ಅದು ಎಂ ಸೈಜು. ನನಗೆ ಎರಡು ಎಕ್ಸ್ ಇರುವುದನ್ನೇ ನೋಡಿ ತಾ.

ನಿನ್ನ,
ಒಂಟಿ ಬೂಟು ಹೊತ್ತವನು
ಉಣಕಲ್, ಹುಬ್ಬಳ್ಳಿ