ಹಳೆ ಲೀ-ಎನ್‌ಫೀಲ್ಡ್ ರೈಫಲ್ಲನ್ನು ಹೊಸದು ಮಾಡಲು ಹೋಗಿ ಕೆಡಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಹಳೆ ಬಂದೂಕುಗಳ ದುರಸ್ತಿ ವಿಭಾಗ

ವಿಷಯ: ಹೇಳದೇ ಇದ್ದ ಕೆಲಸ ಮಾಡಿರುವುದು, ಮರ ಸೀಳಿರುವುದು ಮತ್ತು ಬೋಲ್ಟ್ ಬದಲಾಗಿರುವುದು

ಮಾನ್ಯರೇ,

ರೈಫಲ್ ಕೈಸೇರಿದೆ. ತುಂಬಾ ಹೊಳೆಯುತ್ತಿದೆ. ನನ್ನ ದೂರು ಶುರುವಾಗುವುದೇ ಅಲ್ಲಿಂದ.

ನಾನು ನಿಮಗೆ ಕೊಟ್ಟಿದ್ದು 1917ರಲ್ಲಿ ಇಂಗ್ಲೆಂಡಿನ ಬಿಎಸ್‌ಎ (ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್) ಕಾರ್ಖಾನೆಯಲ್ಲಿ ತಯಾರಾದ ಶಾರ್ಟ್ ಮ್ಯಾಗಝೀನ್ ಲೀ-ಎನ್‌ಫೀಲ್ಡ್, ಮಾರ್ಕ್ 3 ಸ್ಟಾರ್. ನಿಮ್ಮ ಬಿಲ್ಲಿನಲ್ಲಿ ಬರೀ ‘ಮಾರ್ಕ್ 3’ ಎಂದಿದೆ. ಸ್ಟಾರ್ ಗುರುತು ಸುಮ್ನೆ ಹೊಡೆದದ್ದಲ್ಲ. ಮೊದಲ ಮಹಾಯುದ್ಧದ ಒತ್ತಡದಲ್ಲಿ ಬೇಗ ಬೇಗ ರೈಫಲ್ ತಯಾರಾಗಲಿ ಎಂದು ಮ್ಯಾಗಝೀನ್ ಕಟ್-ಆಫ್ (ಮ್ಯಾಗಝೀನ್‌ನಿಂದ ತೋಟೆ ಬರದಂತೆ ತಡೆಯುವ ತಗಡು), ಬಹುದೂರಕ್ಕೆ ಗುಂಪಾಗಿ ಗುಂಡು ಹಾರಿಸಲು ಇದ್ದ ಸೈಟು ಇಂಥವನ್ನು ಕೈಬಿಟ್ಟ ಮಾದರಿ ಅದು. ಬಿಲ್ಲು ಬರೆದವರು ಬಟ್ (ಹೆಗಲಿಗೆ ಆನಿಸುವ ಹಿಂದಿನ ಮರ) ಕೂರುವ ಲೋಹದ ಸಾಕೆಟ್ ಮೇಲಿನ ಅಕ್ಷರಗಳನ್ನು ಒಮ್ಮೆ ಓದಿದ್ದರೂ ಗೊತ್ತಾಗುತ್ತಿತ್ತು.

ಕೆಲಸದ ಚೀಟಿಯಲ್ಲಿ ನಾನು ಬರೆದದ್ದು ಇಷ್ಟೇ: ತುಕ್ಕು ಮುಂದೆ ಹರಡದಂತೆ ನಿಲ್ಲಿಸಿ, ಮರದ ಮೇಲಿನ ಕೊಳೆ ತೆಗೆಯಿರಿ, ಬಟ್ ಅಲ್ಲಾಡುತ್ತಿದೆ, ಬಿಗಿ ಮಾಡಿ. ಮರ ಉಜ್ಜಬೇಡಿ, ಲೋಹಕ್ಕೆ ಪಾಲಿಶ್ ಬೇಡ ಎಂದೂ ಬರೆದು ಅಡಿಗೆರೆ ಎಳೆದಿದ್ದೆ. ನಿಮ್ಮವರು ಓದಿ ಸಹಿ ಹಾಕಿದ್ದಾರೆ. ಆ ಚೀಟಿಯ ಪ್ರತಿ ನನ್ನ ಹತ್ತಿರ ಇದೆ.

ಆಗಿರುವುದು ಮಾತ್ರ ಬೇರೆಯೇ. ಬಟ್ಟನ್ನೂ ಮುಂದಿನ ಮರವನ್ನೂ ಸ್ಯಾಂಡ್ ಪೇಪರ್ ಹಾಕಿ ಉಜ್ಜಿ, ಮೇಲೆ ಗಾಜಿನಂತೆ ಮಿನುಗುವ ವಾರ್ನಿಶ್ ಬಳಿದಿದ್ದೀರಿ. ಬಟ್ಟಿನ ಬಲಗಡೆ ಇದ್ದ ದುಂಡು ಮುದ್ರೆ ಈಗ ಕಾಣುವುದೇ ಇಲ್ಲ. ಈ ಮರಕ್ಕೆ ಸೈನ್ಯದಲ್ಲಿ ಹಚ್ಚುತ್ತಿದ್ದದ್ದು ಅಗಸೆ ಎಣ್ಣೆ. ಅದು ಮರದೊಳಗೆ ಇಳಿಯುತ್ತದೆ, ವರ್ಷ ಕಳೆದಂತೆ ಬಣ್ಣ ಗಾಢವಾಗುತ್ತದೆ. ಮೇಲಿನ ಕೊಳೆಯನ್ನು ಮೃದು ಬಟ್ಟೆಯಿಂದ ತೆಗೆದು ಅದೇ ಎಣ್ಣೆಯನ್ನು ತೆಳುವಾಗಿ ಹಚ್ಚಿದ್ದರೆ ಸಾಕಿತ್ತು. ಗುಳಿ ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಹಬೆಗೆ ಮರ ಉಬ್ಬಿ ಮೇಲೆ ಬರುತ್ತದೆ. ಉಜ್ಜುವ ಅಗತ್ಯವೇ ಇಲ್ಲ.

ನನಗೆ ಜಾಸ್ತಿ ಬೇಜಾರಾಗಿದ್ದು ಮುಂದಿನ ಮರದ ತೇಪೆಯ ವಿಷಯಕ್ಕೆ. ಯಾರೋ ಸೈನ್ಯದ ಆರ್ಮರರ್ (ಬಂದೂಕು ರಿಪೇರಿಯವ) ಒಡೆದ ಜಾಗಕ್ಕೆ ಚಿಕ್ಕ ಮರದ ತುಂಡು ಕೂರಿಸಿ, ಮರದ ಮೊಳೆ ಬಡಿದು ಸರಿಮಾಡಿದ್ದ. ಅಂಚು ಬೆರಳಿಗೂ ತಾಗದಷ್ಟು ಚೊಕ್ಕ ಕೆಲಸ. ನಾನು ಈ ರೈಫಲ್ ಕೊಂಡಿದ್ದೇ ಅದನ್ನು ನೋಡಿ. ನೀವು ಅದನ್ನು ‘ಹಾನಿ’ ಎಂದು ತಿಳಿದು ಲಪ್ಪ ಮೆತ್ತಿ, ಬಣ್ಣ ಹಚ್ಚಿ ಮುಚ್ಚಿದ್ದೀರಿ.

ಲೋಹದ ಕಥೆಯೂ ಅದೇ. ಕೆಂಪು ತುಕ್ಕು ಹಿಡಿದ ಭಾಗಗಳನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿದರೆ ಅದು ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ಆಮೇಲೆ ಹಗುರವಾಗಿ ಬ್ರಷ್ ಮಾಡಿ ಎಣ್ಣೆ ಹಚ್ಚಿದರೆ ತುಕ್ಕು ನಿಲ್ಲುತ್ತದೆ, ಹಳೆಯ ಬಣ್ಣವೂ ಉಳಿಯುತ್ತದೆ. ನೀವು ಪಾಲಿಶ್ ಚಕ್ರಕ್ಕೆ ಹಿಡಿದು, ಮತ್ತೆ ಬ್ಲೂಯಿಂಗ್ (ಉಕ್ಕಿಗೆ ನೀಲಿಗಪ್ಪು ಬಣ್ಣ) ಮಾಡಿದ್ದೀರಿ. ಚೂಪಾಗಿದ್ದ ಅಂಚುಗಳು ದುಂಡಾಗಿವೆ. ಕಿರೀಟದ ಗುರುತು ಅರ್ಧ ಮಾಸಿದೆ. ಬ್ಯಾರಲ್ ಮೇಲಿನ ಪ್ರೂಫ್ ಮುದ್ರೆ (ಗುಂಡು ಹಾರಿಸಿ ಪರೀಕ್ಷಿಸಿದ ಗುರುತು) ಓದಲು ದೀಪ ಹಿಡಿಯಬೇಕು.

ಬಟ್ ಈಗ ಅಲ್ಲಾಡುವುದಿಲ್ಲ, ನಿಜ. ಆದರೆ ಮುಂದಿನ ಮರದ ಹಿಂಭಾಗ ಸೀಳಿದೆ. ಕಾರಣ ಊಹಿಸಲು ಕಷ್ಟವಿಲ್ಲ. ಈ ಮಾದರಿಯಲ್ಲಿ ಬಟ್ಟನ್ನು ಬಿಗಿಯುವ ಒಳಗಿನ ಸ್ಟಾಕ್ ಬೋಲ್ಟ್‌ನ ತುದಿ ಚೌಕಾಕಾರವಾಗಿದ್ದು, ಮುಂದಿನ ಮರದಲ್ಲಿರುವ ತಗಡಿಗೆ ಸಿಕ್ಕಿಕೊಂಡಿರುತ್ತದೆ. ಮೊದಲು ಮುಂದಿನ ಮರ ಬಿಚ್ಚಬೇಕು, ಆಮೇಲೆ ಆ ಬೋಲ್ಟ್ ತಿರುಗಿಸಬೇಕು. ಬಿಚ್ಚದೆ ತಿರುಗಿಸಿದರೆ ಮರ ಸೀಳುತ್ತದೆ. ಲೀ-ಎನ್‌ಫೀಲ್ಡ್ ಮುಟ್ಟುವವರು ಮೊದಲು ಕಲಿಯುವ ಪಾಠ ಇದು, ಅಲ್ವಾ?

ಇಷ್ಟನ್ನೂ ಹೇಗೋ ನುಂಗಿಕೊಳ್ಳಬಹುದಿತ್ತು. ರೈಫಲ್ಲಿನ ಬೋಲ್ಟ್ (ತೋಟೆಯನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ವಿಷಯ ಹಾಗಲ್ಲ. ನಾನು ಕೊಟ್ಟಾಗ ರಿಸೀವರ್ (ಬೋಲ್ಟ್ ಕೂರುವ ನಡುಭಾಗ), ಬ್ಯಾರಲ್, ಬೋಲ್ಟ್, ನೋಸ್ ಕ್ಯಾಪ್ (ಮುಂತುದಿಯ ಲೋಹದ ಟೋಪಿ) ನಾಲ್ಕರ ಮೇಲೂ ಒಂದೇ ಸೀರಿಯಲ್ ನಂಬರ್ ಇತ್ತು. ನೀವೇ ಒಳಗೆ ತೆಗೆದುಕೊಳ್ಳುವಾಗ ತೆಗೆದ ಫೋಟೋದಲ್ಲಿ ಅದು ಸ್ಪಷ್ಟವಾಗಿದೆ. ಈಗ ಬಂದಿರುವ ಬೋಲ್ಟ್‌ನ ಹಿಡಿಯ ಹಿಂದೆ ಬೇರೆ ನಂಬರ್ ಇದೆ. ಫೋನಿನಲ್ಲಿ ನಿಮ್ಮವರು “ಅದೇ ಕಂಪನಿದು ಸಾರ್, ಏನೂ ಆಗಲ್ಲ” ಎಂದರು. ಆಗುತ್ತೆ. ಬೋಲ್ಟ್‌ನ ಲಗ್‌ಗಳನ್ನು (ಅದನ್ನು ಬೀಗದಂತೆ ಹಿಡಿಯುವ ಉಬ್ಬುಗಳನ್ನು) ಆಯಾ ರಿಸೀವರ್‌ಗೆ ಹೊಂದಿಸಿ ಕೂರಿಸಿರುತ್ತಾರೆ. ಬೇರೆ ಬೋಲ್ಟ್ ಹಾಕಿದರೆ ಹೆಡ್‌ಸ್ಪೇಸ್, ಅಂದರೆ ಮುಚ್ಚಿದ ಬೋಲ್ಟ್‌ನ ಮುಖಕ್ಕೂ ಬ್ಯಾರಲ್ಲಿನ ಹಿಂಬದಿಗೂ ನಡುವಿನ ಅಂತರ, ಅಳೆಯಲೇಬೇಕು. ಈ ರೈಫಲ್ಲಿನ .303 ತೋಟೆಗೆ 0.064 ಇಂಚಿನ ಗೇಜ್ (ಅಳತೆಯ ತುಂಡು) ಮೇಲೆ ಬೋಲ್ಟ್ ಮುಚ್ಚಬೇಕು, 0.074 ಇಂಚಿನದರ ಮೇಲೆ ಮುಚ್ಚಬಾರದು. ಅಂತರ ಜಾಸ್ತಿಯಾದರೆ ತೋಟೆಯ ಹಿತ್ತಾಳೆ ಒಡೆದು ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು, ಗುರಿ ಇಡುವವರ ಮುಖ ಇರುವುದು ಅಲ್ಲೇ. ನೀವು ಗೇಜ್ ಹಾಕಿ ನೋಡಿದ್ದಕ್ಕೆ ಒಂದು ಸಾಲಿನ ದಾಖಲೆಯೂ ಇಲ್ಲ. ಹಾಗಿದ್ದೂ ಬಿಲ್ಲಿನಲ್ಲಿ ‘ಬಳಕೆಗೆ ಸಿದ್ಧ’ ಎಂದು ಮುದ್ರೆ ಒತ್ತಿದ್ದೀರಿ!

ಉಜ್ಜಿಹೋದ ಮುದ್ರೆಯನ್ನು ಯಾರೂ ವಾಪಸ್ ತರಲಾರರು. ಆದ್ದರಿಂದ ಮತ್ತೆ ಕಳಿಸಿ, ಸರಿಮಾಡಿಕೊಡುತ್ತೇವೆ ಎಂಬ ನಿಮ್ಮ ಮಾತು ನನಗೆ ಬೇಡ. ಪಾಲಿಶ್, ವಾರ್ನಿಶ್, ಬ್ಲೂಯಿಂಗ್ ಹೆಸರಿನಲ್ಲಿ ತೆಗೆದುಕೊಂಡ ಹಣ ಪೂರ್ತಿ ಹಿಂದಿರುಗಿಸಿ. ಸೀಳಿದ ಮರವನ್ನು ನನಗೆ ನಂಬಿಕೆಯಿರುವ ಕಡೆ ಸರಿಮಾಡಿಸುತ್ತೇನೆ, ಆ ಖರ್ಚು ನಿಮ್ಮದು. ಯಾವ ಭಾಗಕ್ಕೆ ಏನು ಹಚ್ಚಿದ್ದೀರಿ, ಯಾವ ದ್ರಾವಣ ಬಳಸಿದ್ದೀರಿ ಎಂಬುದನ್ನು ಬರೆದು ಕೊಡಿ. ಮುಂದೆ ಆ ವಾರ್ನಿಶ್ ತೆಗೆಯುವವರಿಗೆ ಅದು ಬೇಕಾಗುತ್ತದೆ. ನನ್ನ ರೈಫಲ್ಲಿನ ‘ಮೊದಲು–ನಂತರ’ ಫೋಟೋಗಳನ್ನು ನಿಮ್ಮ ಜಾಹೀರಾತಿನಿಂದ ಇವತ್ತೇ ತೆಗೆಯಿರಿ.

ಎಲ್ಲಕ್ಕಿಂತ ಮೊದಲು ನನ್ನ ಬೋಲ್ಟ್ ಹುಡುಕಿ. ಅದು ನಿಮ್ಮಲ್ಲಿಗೆ ಬಂದ ಇನ್ನೊಬ್ಬರ ರೈಫಲ್ಲಿಗೆ ಸೇರಿರುವ ಸಾಧ್ಯತೆಯೇ ಜಾಸ್ತಿ. ಹಾಗಿದ್ದರೆ ಅವರಿಗೂ ಇವತ್ತೇ ಫೋನ್ ಮಾಡಿ, ಗುಂಡು ಹಾರಿಸಬೇಡಿ ಎಂದು ತಿಳಿಸಿ. ಇಲ್ಲಿರುವ ಬೋಲ್ಟನ್ನು ನಿಯಮದ ಪ್ರಕಾರ ರಸೀದಿ ಪಡೆದು ಹಿಂದಿರುಗಿಸಲು ನಾನು ಸಿದ್ಧ. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ, ಚೀಟಿ, ಬಿಲ್ಲು, ಫೋಟೋಗಳ ಸಮೇತ ಗ್ರಾಹಕರ ದೂರು ಕೇಳುವ ಕಡೆಗೂ ಆಯುಧ ಪರವಾನಗಿ ಕೊಡುವ ಅಧಿಕಾರಿಗಳಿಗೂ ಬರೆಯುತ್ತೇನೆ.

ಇಂತಿ,
ನಿಮ್ಮ ಗ್ರಾಹಕ